ಉಡಚಮ್ಮನ ಕುಪ್ಪಸ ಹೊಲಿದ ಗನಿಸಾಬರು

ಹೊನ್ನಾಳಿಯಲ್ಲಿ ಬೆಳಕು ಹರಿಯುತ್ತಲೇ ದರ್ಜಿ ಗನಿಸಾಬರ ಜಗುಲಿಯಲ್ಲಿ ಹೊಲಿಗೆ ಯಂತ್ರದ ಕಟಕಟ ಶುರುವಾಗುತ್ತದೆ. ನಮಾಜು ಮುಗಿಸಿ ಬಂದು ಕುಳಿತರೆ ಮುಗಿಯಿತು, ಚಹಾ ಆರಿ ತಣ್ಣಗಾದರೂ ತಲೆ ಎತ್ತುವವರಲ್ಲ. ಯುದ್ಧ ಶುರುವಾದ ಮೇಲೆ ಸೀಮೆಎಣ್ಣೆ ಸಿಗುವುದೇ ಕಷ್ಟ. ದಿನಕ್ಕೆ ಐದು ಕುಪ್ಪಸ ಆಗಬೇಕೆಂದರೆ ಸೂರ್ಯನನ್ನೇ ನಂಬಬೇಕು. ಮೂವತ್ತು ವರ್ಷಗಳಿಂದ ಊರಿನ ಅರ್ಧ ಹೆಂಗಸರು ತೊಡುವುದು ಇವರ ಹೊಲಿಗೆಯನ್ನೇ. ಆದರೂ ಇವರ ಹೆಸರು ಹೊನ್ನಾಳಿ ದಾಟಿಲ್ಲ.

ದಾಟಬೇಕಿತ್ತು ಎನ್ನಲು ಕಾರಣ ಉಡಚಮ್ಮ. ಹುಟ್ಟಿದ್ದು ಗಂಡಾಗಿ, ಬಾಳುತ್ತಿರುವುದು ಹೆಣ್ಣಾಗಿ. ನ್ಯಾಮತಿಯಲ್ಲಿ ಭತ್ತ ಕುಟ್ಟಿ ಹೊಟ್ಟೆ ಹೊರೆಯುವ ಜೀವ. ಅಲ್ಲಿಯ ದರ್ಜಿಗಳು ನಕ್ಕು ಸಾಗಹಾಕಿದ ಮೇಲೆ, ಹೋದ ವರ್ಷ ಬಟ್ಟೆಯ ತುಂಡು ಹಿಡಿದು ಇಲ್ಲಿಯವರೆಗೆ ನಡೆದು ಬಂದಳು.

ಹೆಂಗಸರು ಹಳೆಯ ಕುಪ್ಪಸವನ್ನು ಅಳತೆಗೆ ಕೊಟ್ಟು ಹೋಗುವುದು ರೂಢಿ. ಉಡಚಮ್ಮನ ಬಳಿ ಹಳೆಯದು ಎಲ್ಲಿಂದ ಬರಬೇಕು? "ನೀವೇ ಅಳೀರಿ" ಎಂದು ಕೈ ಚಾಚಿ ನಿಂತಳು. ಗನಿಸಾಬರು ಟೇಪು ಕೆಳಗಿಟ್ಟರು. ಇವರಿಗೂ ತನ್ನನ್ನು ಮುಟ್ಟಲು ಅಸಹ್ಯ ಎಂದುಕೊಂಡ ಆಕೆ ಮುಖ ಚಿಕ್ಕದು ಮಾಡಿಕೊಂಡು ಮೆಟ್ಟಿಲಿಳಿದಳು.

"ಹೋಗಬ್ಯಾಡ್ರಿ ತಾಯಿ. ಹೆಂಗಸರಿಗೆ ನಾನು ಟೇಪು ಹಿಡಿಯಂಗಿಲ್ಲ, ಅದಕ್ಕೇ ಇಟ್ಟೆ. ಒಳಗೆ ನಮ್ಮ ನಜೀರಾ ಅದಾಳೆ," ಎಂದರು ಗನಿಸಾಬರು. ಅವರ ಹೆಂಡತಿ ನಜೀರಾ ಆಕೆಯನ್ನು ಪರದೆಯ ಹಿಂದೆ ಕರೆದೊಯ್ದು, ದಾರದಲ್ಲಿ ಅಳೆದು, ಅಳತೆಗೊಂದು ಗಂಟು ಹಾಕಿದರು. ಹೊರಬಂದ ಉಡಚಮ್ಮ ಜಗುಲಿಯಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಊರು ಸುಮ್ಮನಿರುತ್ತದೆಯೇ? ಮಗಳ ಮದುವೆಗೆಂದು ನಲವತ್ತು ಕುಪ್ಪಸದ ಬಟ್ಟೆ ಕೊಟ್ಟಿದ್ದ ವ್ಯಾಪಾರಿ ಮಲ್ಲೇಶಪ್ಪ ಆ ವಾರವೇ ಬಂದರು. "ಅಂಥೋರಿಗೆ ಹೊಲಿಯೋದಾದ್ರೆ ನಮ್ಮ ಬಟ್ಟೆ ವಾಪಸ್ ಕೊಡು ಸಾಬ" ಎಂದರು. ಗನಿಸಾಬರ ಮನೆಗೆ ಆ ಬೇಸಿಗೆಯ ಅನ್ನವೇ ಅದು. ಆದರೂ ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಚಿ ಕೊಟ್ಟರು. "ತಿರುಗಿ ತಂದ್ರೆ ಹೊಲಿದುಕೊಡ್ತೀನಿ ಸ್ವಾಮಿ. ಆಯಮ್ಮನ್ನ ಮಾತ್ರ ಬರಬ್ಯಾಡ ಅನ್ನಾಕೆ ಆಗಾಕಿಲ್ಲ." ಮಲ್ಲೇಶಪ್ಪ ಇನ್ನೂ ಬಂದಿಲ್ಲ. ಆ ಬೇಸಿಗೆ ನಜೀರಾ ಒಲೆ ಹಚ್ಚಿದ್ದು ದಿನಕ್ಕೆ ಒಂದೇ ಹೊತ್ತು.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಗನಿಸಾಬರು ನಗುತ್ತಾರೆ.

"ಮೊದಲನೇ ಕುಪ್ಪಸ ಕೊಟ್ಟಾಗ ಆಯಮ್ಮ ಕಾಲಿಗೆ ಬೀಳಾಕೆ ಬಂದ್ಲು, ನನಗೇ ನಾಚಿಕೆ ಆತು. ಮೊನ್ನೆ ಎರಡನೇದು ಒಯ್ದಾಕಿ ಅಷ್ಟು ದೂರದಿಂದ ಮತ್ತೆ ನಡ್ಕೊಂಡು ಬಂದು, 'ತೋಳು ಬಿಗಿ ಆಗೈತೆ, ಕಣ್ಣು ಎಲ್ಲಿಟ್ಟಿದ್ರಿ ಸಾಬ್ರೆ?' ಅಂತ ಎಲ್ಲರ ಎದುರಿಗೆ ದಬಾಯಿಸಿದ್ಲು. ಬಾಕಿ ಹೆಂಗಸರು ಹೆಂಗೆ ಬೈತಾರೋ ಹಂಗೇ ಬೈದ್ಲು ನೋಡ್ರಿ. ನನಗೆ ಅಷ್ಟು ಸಾಕು."