ರುದ್ರಭೂಮಿಯಲ್ಲಿ ಎರಡು ಭಾಷೆಯ ಆದೇಶ

ಗೆಳೆಯರೇ, ಇವತ್ತು ಮಧ್ಯಾಹ್ನ ರಾವೂರ ಪಕ್ಕದ ನಮ್ಮೂರ ರುದ್ರಭೂಮಿಯಲ್ಲಿ ನಡೆದದ್ದು ಇದು. ಕಲ್ಲಿನ ಗಣಿಗೆ ಹೋಗುವ ರಸ್ತೆ ಅದರ ನಡುವೆಯೇ ಹಾದುಹೋಗಲಿದೆ ಎಂಬ ಆದೇಶವನ್ನು ಪಿಡಿಒ ಅಲ್ಲೇ ನಿಂತು ಕನ್ನಡದಲ್ಲಿ ಓದಿದರು. "ಯಾರದರ ತಕರಾರು ಅದ ಏನ್ರಿ?" ಎಂದರು. ನಾವ್ಯಾರೂ ಬಾಯಿ ಬಿಡಲಿಲ್ಲ.

ನಮ್ಮ ಅಜ್ಜಿ ಮಾತ್ರ ಎದ್ದಳು. "ಉರ್ದುದಾಗೂ ಓದಸ್ರಿ ಸಾಹೇಬ್ರ. ಇಲ್ಲಿ ಮಲಗಿದವರು ನಿಜಾಮನ ಕಾಲದವರು. ಎರಡೂ ಭಾಷೆದಾಗ ಓದಿ ಹೇಳದ ಹುಕುಂ ಅವರು ಎಂದೂ ಒಪ್ಪಿಲ್ಲ."

ಪಿಡಿಒ ನಗುತ್ತ ಉರ್ದು ಶಾಲೆಯ ಮೇಷ್ಟರನ್ನು ಕರೆದು ಓದಿಸಿದರು. ಓದು ಮುಗಿಯುತ್ತಲೇ ಸಮಾಧಿಗಳ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಪಂಚಾಯಿತಿ ಕಟ್ಟೆಯಲ್ಲಿ ಹಿರಿಯರು ಮಾತು ತೆಗೆಯುವ ಮುಂಚೆ ಕೆಮ್ಮುತ್ತಾರಲ್ಲ, ಅಂಥದ್ದು. ಆ ಕಡೆ ಒಬ್ಬರೂ ಇರಲಿಲ್ಲ.

ಪಿಡಿಒ ತಮಗೇ ಅರಿವಿಲ್ಲದೆ ಕೈ ಮುಗಿದು, "ಹೇಳ್ರಿ" ಎಂದರು. ಮತ್ತೇನೂ ಕೇಳಿಸಲಿಲ್ಲ. ಬೆವರು ಒರೆಸಿಕೊಂಡು ಕಾರಕೂನನಿಗೆ, "ತಕರಾರು ಬಂದದ ಅಂತ ಬರಕೋ" ಎಂದರು.

"ಕೆಮ್ಮಿದ್ದು ಯಾವ ಭಾಷೆದಾಗ ಬರಕೋಲಿ ಸಾಹೇಬ್ರ?"

ರಸ್ತೆ ಸದ್ಯಕ್ಕೆ ನಿಂತಿದೆ. ಕನ್ನಡದಲ್ಲೇ ಎಲ್ಲ ತಿಳಿದಿದ್ದ ನಾವು ಒಬ್ಬರೂ ಕೆಮ್ಮಿರಲಿಲ್ಲ.