ಉಬ್ಬಸಕ್ಕೆ ತಂದ ಬಾವಲಿ

ನಮ್ಮಮ್ಮನ ಉಬ್ಬಸಕ್ಕೆ ಬಾವಲಿ ಸಾರು ಮದ್ದೆಂದು ನಮ್ಮತ್ತೆ ತೆರಕಣಾಂಬಿಯಿಂದ ಜೀವಂತ ಬಾವಲಿ ತರಿಸಿದರು. ಚೀಲ ಬಿಚ್ಚಿದಾಗ ಅದು ನನ್ನ ಮಗುವಿನ ಕೈ ಕಚ್ಚಿ ಪರಚಿತು. ಅತ್ತೆ ಗಾಯಕ್ಕೆ ಸುಣ್ಣ ಮೆತ್ತಿದರು.

"ಆಸ್ಪತ್ರೆಗೆ ಓಗನ ಅತ್ತೆ," ಎಂದೆ.

"ಅದೇನ್ ಉಚ್ಚುನಾಯೇನಮ್ಮಿ? ಸುಣ್ಣ ನಂಜು ಎಳ್ಕತದೆ, ಬುಡು!"

ಅವರೆದುರು ಎಂದೂ ದನಿ ಎತ್ತದ ನನಗೆ ಅಂದು ಮೈಯೆಲ್ಲ ಉರಿಯಿತು. ಸುಣ್ಣ ಕಿತ್ತು, ಗಾಯವನ್ನು ಸೋಪು ಹಚ್ಚಿ ಬಹಳ ಹೊತ್ತು ತೊಳೆದು, ಮಗುವನ್ನೆತ್ತಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ.

"ತೊಳೆದದ್ದು ಒಳ್ಳೇದಾಯ್ತು ಕಣಮ್ಮ," ಎಂದರು ಡಾಕ್ಟರು. "ಬಾವಲಿ ಕಚ್ಚಿದ್ರೂ ಹುಚ್ಚುನಾಯಿ ರೋಗ ಬರಬಹುದು. ಬಂತು ಅಂದ್ರೆ ಉಳಿಸೋಕಾಗಲ್ಲ." ಮೊದಲ ಸೂಜಿ ಚುಚ್ಚಿದರು, ಉಳಿದವಕ್ಕೆ ಮತ್ತೆ ಕರೆತರಲು ಹೇಳಿದರು.

ಮನೆಗೆ ಬಂದರೆ ಒಲೆಯ ಮೇಲೆ ಅದೇ ಬಾವಲಿಯ ಸಾರು ಕುದಿಯುತ್ತಿತ್ತು. ಮಡಕೆ ಸಮೇತ ತಿಪ್ಪೆಗೆ ಎಸೆದೆ.