ನಮ್ಮ ಕೆನಡಾ ಆರ್ಕೆಸ್ಟ್ರಾ

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ರಾಯಚೂರಿನಲ್ಲಿ ನಾವು ಮೂವರು ಗೆಳೆಯರು ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದೆವು. ಹತ್ತಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದವನು ಹೈದರಾಬಾದಿನಿಂದ ಹಳೆಯ ಗಿಟಾರೊಂದನ್ನು ತಂದಿದ್ದ. ಇನ್ನೊಬ್ಬ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದವನು. ನನ್ನದು ಹಾರ್ಮೋನಿಯಂ. ಸಿನಿಮಾ ಹಾಡು ಮುಟ್ಟಬಾರದು, ಹಾಡೆಲ್ಲ ನಮ್ಮವೇ ಆಗಿರಬೇಕು ಎಂಬುದು ಗಿಟಾರಿನವನ ಹಟ. ಬಾರದ ಬಸ್ಸಿನ ಮೇಲೊಂದು, ರಾಯಚೂರಿನ ಬಿಸಿಲಿನ ಮೇಲೊಂದು, ಕಿತ್ತುಹೋದ ಚಪ್ಪಲಿಯ ಮೇಲೊಂದು ಹಾಡು ಬರೆದೆವು. ಸಿರವಾರದ ಒಂದು ಮದುವೆಯಲ್ಲಿ ಚಪ್ಪಲಿಯ ಹಾಡು ಶುರುವಾಗುತ್ತಿದ್ದಂತೆ ಹೆಣ್ಣಿನ ತಂದೆ ಎದುರು ಬಂದು ಕೈಮುಗಿದರು.

"ಸಾಕ್ರೆಪಾ. ಊಟ ಮಾಡ್ರಿ, ಹಾಡೂದು ಬ್ಯಾಡ."

ಆಮೇಲೆ ಬಹಳ ಕಾಲ ಯಾರೂ ಕರೆಯಲಿಲ್ಲ. ಇದಕ್ಕೆಲ್ಲ ನಮಗೊಂದು ಬ್ಯಾನರ್ ಇಲ್ಲದಿರುವುದೇ ಕಾರಣ, ಅದೂ ಇಂಗ್ಲಿಷಿನಲ್ಲಿರಬೇಕು ಎಂದು ಗಿಟಾರಿನವನು ತೀರ್ಮಾನಿಸಿದ. ನಮಗೆ ಸಿಕ್ಕ ಪೇಂಟರ್ ಉರ್ದು, ತೆಲುಗು ಎರಡನ್ನೂ ಬಲು ಚೆಂದ ಬರೆಯುತ್ತಿದ್ದ. ಇಂಗ್ಲಿಷನ್ನು ಮಾತ್ರ ಹೂವು ಬಳ್ಳಿಯ ಹಾಗೆ ಬಿಡಿಸುತ್ತಿದ್ದ. 'ಕನ್ನಡ ಆರ್ಕೆಸ್ಟ್ರಾ' ಎಂದು ಬರೆಯಲು ಹೇಳಿದೆವು. ಬಟ್ಟೆ ಸಾಲದೆಂದು ಜೋಡಿ ಎನ್ ಇರಬೇಕಾದಲ್ಲಿ ಒಂದನ್ನೇ ಹಾಕಿದ. 'ಕೆ'ಗಿಂತ 'ಸಿ' ದುಂಡಗಿರುತ್ತದೆಂದು ಮೊದಲಕ್ಷರವನ್ನೂ ಬದಲಿಸಿದ. ನೋಡಿದರೆ ಚೆನ್ನಾಗಿಯೇ ಇತ್ತು. ನಮ್ಮಲ್ಲಿ ಯಾರೂ ಅದನ್ನು ಓದಲಿಲ್ಲ, ನೋಡಿದೆವು ಅಷ್ಟೆ.

ಮಾನ್ವಿಯ ಬಟ್ಟೆ ವ್ಯಾಪಾರಿಯೊಬ್ಬರು ಹೊಸ ಅಂಗಡಿ ತೆರೆಯುವ ಸಂಜೆಗೆ ನಮ್ಮನ್ನು ಗೊತ್ತುಮಾಡಿದರು. ಬ್ಯಾನರನ್ನು ಮೊದಲೇ ಕಳಿಸಿದ್ದೆವು. ಅಂಗಡಿಯ ಮುಂದೆ ಕಟ್ಟಿದ್ದ ಅದನ್ನು ಓದಿದವರು ಆ ಊರಿನ ಇಂಗ್ಲಿಷ್ ಮೇಷ್ಟ್ರು. ನಾವು ಬಸ್ಸಿನಿಂದ ಇಳಿಯುವ ಹೊತ್ತಿಗೆ ಕೆನಡಾ ದೇಶದಿಂದ ಹಾಡುಗಾರರು ಬರುತ್ತಿದ್ದಾರೆಂಬ ಖಬರು ಊರೆಲ್ಲ ಹಬ್ಬಿ, ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಕೆನಡಾದವ್ರಂದ್ರ ಬೆಳ್ಳಗಿರಬೇಕಲ್ರೀ? ಇವ್ರು ನಮ್ಮಂಗ ಕರ್ರಗದಾರ," ಎಂದ ಒಬ್ಬ.

"ಅಲ್ಲಿಂದ ಇಲ್ಲಿತನಕ ಬಿಸಲಾಗ ಬಂದಾರ. ಕರ್ರಗಾಗ್ದ ಏನಾಗ್ತಾರ?" ಎಂದರು ಮೇಷ್ಟ್ರು.

"ನಾವು ರಾಯಚೂರಿನವ್ರ ಅದೀವ್ರೀ," ಎಂದು ನಾನು ಗಟ್ಟಿಯಾಗಿಯೇ ಹೇಳಿದೆ.

ಜನ ಚಪ್ಪಾಳೆ ತಟ್ಟಿದರು. "ಬಸ್ ಇಳದಾಕ್ಷಣ ಕನ್ನಡ ಮಾತಾಡಾಕತ್ತಾನ ನೋಡ್ರಿ!"

ಸಂದೇಹ ಉಳಿದವರಿಗೆ ಡ್ರಮ್ಮಿನವನೇ ಸಾಕ್ಷಿಯಾದ. ಅವನದು ಹುಟ್ಟಿನಿಂದಲೇ ಬೆಕ್ಕಿನ ಕಣ್ಣು. ವ್ಯಾಪಾರಿಯ ಮನೆಯಲ್ಲಿ ಎಲ್ಲರಿಗೂ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರೆ, ಅವರ ತಾಯಿ ನಮ್ಮ ಮುಂದೆ ಹಾಲು ಬ್ರೆಡ್ಡು ತಂದಿಟ್ಟರು.

"ಯವ್ವಾ, ನಮಗೂ ರೊಟ್ಟಿ ಹಾಕಬೇ," ಎಂದ ಡ್ರಮ್ಮಿನವನು, ಅಳುವಂತಾಗಿ.

"ಬ್ಯಾಡಪ್ಪಾ, ಖಾರ ನಿಮಗ ತಡ್ಯಂಗಿಲ್ಲ," ಎಂದು ಆಕೆ ಅವನ ತಲೆ ಸವರಿದರು.

ಅಂದು ನಮ್ಮ ಹಾಡುಗಳು ಗೆದ್ದವು. ಸಿರವಾರದಲ್ಲಿ ಕೈಮುಗಿಸಿಕೊಂಡ ಚಪ್ಪಲಿಯ ಹಾಡನ್ನೇ ಮತ್ತೆ ಮತ್ತೆ ಹಾಡಿಸಿದರು. ನಾನು ಪದ ಮರೆತು ತಡವರಿಸಿದಾಗ ಶಿಳ್ಳೆ ಇನ್ನೂ ಜೋರಾಯಿತು. ಪರದೇಶದವನು, ಪಾಪ, ಎಷ್ಟು ಕಷ್ಟಪಟ್ಟು ಕಲಿತಿದ್ದಾನೆ ಎಂದು ಅವರ ಮೆಚ್ಚುಗೆ.

ಮುಂದೆ ದೇವದುರ್ಗದಿಂದ ಕರೆ ಬಂತು. ಅಲ್ಲಿ ಎಲ್ಲವನ್ನೂ ಇತ್ಯರ್ಥ ಮಾಡಿಬಿಡಬೇಕೆಂದು ಗಿಟಾರಿನವನು ಮೈಕಿನ ಮುಂದೆ ನಿಂತು ಪೇಂಟರನ ಕಥೆಯನ್ನು ಪೂರ್ತಿ ಹೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಥ ಹಾಸ್ಯ ನಮ್ಮವರಿಗೆ ಬರುವುದಿಲ್ಲ ಎಂದರು. ಆಗ ಮಲ್ಲಟದಿಂದ ಬಂದಿದ್ದ ಡ್ರಮ್ಮಿನವನ ಸೋದರಮಾವ ಎದ್ದುನಿಂತ.

"ಲೇ, ಅಂವ ನನ್ನ ಅಳಿಯ ಅದಾನ! ನನ್ನ ಅಕ್ಕನ ಮಗ!"

ಸಭೆಯೆಲ್ಲ ಅವನ ಕಡೆ ತಿರುಗಿತು. ಮುಗಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಸಂಘಟಕರು ಹಾರ ತಂದು ಮಾವನ ಕೊರಳಿಗೆ ಹಾಕಿದರು. "ಇವರ ಅಕ್ಕನ್ನ ಕೆನಡಾಕ್ಕ ಕೊಟ್ಟಾರಂತ," ಎಂಬ ಸುದ್ದಿ ಹಿಂದಿನ ಸಾಲಿನ ತನಕ ಹೋಯಿತು. ಮಾವ ಮೊದಲು ತಕರಾರು ಮಾಡಿದ. ಆಮೇಲೆ ಕುರ್ಚಿ ಕೊಟ್ಟರು, ಕೂತ. ಡ್ರಮ್ಮಿನವನಿಗೆ ಮಾತ್ರ ಸಿಟ್ಟು ತಲೆಗೇರಿತು.

"ನಮ್ಮವ್ವ ರಾಯಚೂರ ಬಿಟ್ಟು ಮಂತ್ರಾಲಯಕ್ಕೂ ಹೋಗಿಲ್ಲ. ಬ್ಯಾನರ್ ಬದಲ ಮಾಡ್ಲಿಲ್ಲಂದ್ರ ನಾ ಬರಾಂಗಿಲ್ಲ," ಎಂದ.

ಬದಲಾಯಿಸಿದೆವು. ಈ ಸಲ ಕನ್ನಡದಲ್ಲಿಯೇ, ದೊಡ್ಡ ಅಕ್ಷರಗಳಲ್ಲಿ ಬರೆಸಿದೆವು. ಅದನ್ನು ಹೊತ್ತು ಪೋತ್ನಾಳಕ್ಕೆ ಹೋದೆವು. ಜನ ಬಂದರು, ಕೂತರು. ಬಸ್ಸಿನ ಹಾಡು ಅರ್ಧಕ್ಕೆ ಬಂದಿರಲಿಲ್ಲ, ಕುರಿಗಾಹಿಯೊಬ್ಬ ಎದ್ದ.

"ಜರಾ ನಿಂದರ್ರಿ. ಇದು ಕೆನಡಾದವ್ರ ಹಾಡು. ಮಾನ್ವ್ಯಾಗ ನಾನಽ ಕೇಳೀನಿ. ನೀವು ಅವ್ರ ನಕಲು ಮಾಡಾಕತ್ತೀರಿ."

"ಆ ಕೆನಡಾದವ್ರು ನಾವಽ ಅದೀವಿ!" ಎಂದು ಡ್ರಮ್ಮಿನವನು ಕಿರುಚಿದ. ಅಷ್ಟು ದಿನ ಯಾವ ಮಾತನ್ನು ಅಲ್ಲಗಳೆದಿದ್ದನೋ ಅದನ್ನೇ ಈಗ ಆಣೆ ಮಾಡಿ ಹೇಳುತ್ತಿದ್ದ.

ಕುರಿಗಾಹಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅವ್ರು ಎಷ್ಟು ಚಂದ ತಪ್ಪು ತಪ್ಪು ಹಾಡ್ತಿದ್ರು. ನೀವು ಬರಾಬರಿ ಹಾಡಾಕತ್ತೀರಿ," ಎಂದು ಕಂಬಳಿ ಕೊಡವಿಕೊಂಡು ನಡೆದ. ಉಳಿದವರೂ ಅವನ ಹಿಂದೆಯೇ ಎದ್ದರು.

ಆರ್ಕೆಸ್ಟ್ರಾ ಅಲ್ಲಿಗೇ ನಿಂತಿತು. ಡ್ರಮ್ಮಿನವನು ಮದುವೆ ಬ್ಯಾಂಡಿಗೆ ಮರಳಿ ಸುಖವಾಗಿದ್ದ. ಗಿಟಾರಿನವನು ಮಿಲ್ಲು ಬಿಟ್ಟು ಗದ್ವಾಲದ ಕಡೆ ಹೋಗಿ ತೆಲುಗಿನಲ್ಲಿ ಹಾಡು ಕಟ್ಟತೊಡಗಿದ. ನನಗೆ ನೀರಾವರಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಕೆಲಸದ ಮೇಲೆ ಮಾನ್ವಿಗೆ ಹೋದಾಗೆಲ್ಲ ಯಾರಾದರೂ ನನ್ನನ್ನು ಹಿಡಿದು ನಿಲ್ಲಿಸಿ, ನಮ್ಮೂರಿಗೆ ಒಮ್ಮೆ ಕೆನಡಾದವರು ಬಂದಿದ್ದರು, ಎಂಥಾ ಹಾಡು ಗೊತ್ತೇನ್ರಿ, ಎಂದು ಹೇಳುತ್ತಿದ್ದರು. ಚಹಾ ಕುಡಿಯುತ್ತಾ ಪೂರ್ತಿ ಕೇಳುತ್ತಿದ್ದೆ. ಚೆನ್ನಾಗಿ ಹೇಳುತ್ತಿದ್ದರು.